ಎರಡು ಕುದುರೆಗಳು

ಕನ್ನಡದಲ್ಲಿ ಕುದುರೆ ಎಂಬ ಮಾತಿಗೆ ನಾಲ್ಕು ಕಾಲಿನ ಪ್ರಾಣಿಯಲ್ಲದೆ ಇನ್ನೂ ಎರಡು ಅರ್ಥಗಳುಂಟು. ಕೋವಿಯ ಮೇಲೆ ಕತ್ತು ಬಗ್ಗಿಸಿ ನಿಂತು, ಕೆಳಗಿನ ಕೊಕ್ಕೆ ಎಳೆದೊಡನೆ ಮುಂದಕ್ಕೆ ಧುಮುಕುವ ಕಬ್ಬಿಣದ ತುಂಡು ಒಂದು ಕುದುರೆ. ವೀಣೆ ತಂಬೂರಿಗಳ ಮೈಮೇಲೆ ಕುಳಿತು, ತಂತಿಗಳನ್ನು ಬೆನ್ನಲ್ಲಿ ಹೊರುವ ಮೂಳೆಯ ಅಥವಾ ಮರದ ಪಟ್ಟಿ ಇನ್ನೊಂದು ಕುದುರೆ. ಮರಾಠಿಯವರ ಮಾತೂ ಹೀಗೆಯೇ. ಅವರಿಗೆ ಕೋವಿಯದು ಘೋಡಾ, ತಂಬೂರಿಯದು ಘೋಡಿ. ಒಂದು ಗಂಡು, ಒಂದು ಹೆಣ್ಣು. ಈ ಎರಡು ಕುದುರೆಗಳೂ ನಮ್ಮ ಕುಟುಂಬದಲ್ಲಿದ್ದವು. ಒಂದು ಅಜ್ಜನದು, ಇನ್ನೊಂದು ಅಮ್ಮನದು. ಅವುಗಳಿಗೆ ಹೆಸರಿನ ಹೊರತು ಬೇರೆ ನಂಟಿದೆ ಎಂದು ನನಗೆ ಬಹುಕಾಲ ಅನ್ನಿಸಿರಲಿಲ್ಲ.

ಮೊದಲು ಅಜ್ಜನ ಕುದುರೆಯ ವಿಚಾರ. ಅಜ್ಜನ ಮನೆ ಚಂದ್ರಗಿರಿ ಹೊಳೆಗೆ ಉತ್ತರದಲ್ಲಿ, ಅಡಿಕೆ ತೋಟದ ನಡುವೆ. ಹಂದಿ ಓಡಿಸುವುದಕ್ಕೆಂದು ಪರವಾನಗಿಯಿದ್ದ ಒಂದು ಕೇಪಿನ ಕೋವಿ ಇತ್ತು. ಅದರ ಪಕ್ಕದ ಗೂಟದಲ್ಲಿ ಇನ್ನೊಂದು ಉದ್ದನೆಯ ಹಳೆಯ ಕೋವಿ ತೂಗುತ್ತಿತ್ತು. ಅದು ಚಕಮಕಿ ಕೋವಿ. 1837ರ ಅಮರ ಸುಳ್ಯದ ದಂಗೆಯ ಕಾಲದ್ದೆಂದು ಮನೆಯವರ ಮಾತು. ಆ ಕಾಲದಲ್ಲಿ ಕಂಪೆನಿಯ ಸಿಪಾಯಿಗಳ ಕೈಯಲ್ಲಿದ್ದುದೂ ಚಕಮಕಿ ಕೋವಿಯೇ. ಅವರಿಗೆ ಕೇಪು ಬಂದುದು ಆಮೇಲೆ, 1840ರ ದಶಕದಲ್ಲಿ. ಆ ಕೋವಿಯಿಂದ ಗುಂಡು ಹಾರಿದ್ದನ್ನು ನಾನು ಕಂಡವನಲ್ಲ. ಆಯುಧಪೂಜೆಯ ದಿನ ಅಜ್ಜ ಅದನ್ನು ಇಳಿಸಿ, ಎಣ್ಣೆ ಹಚ್ಚಿ, ಮದ್ದಿಲ್ಲದೆ ಒಂದು ಸಲ ಕುದುರೆ ಬಿಟ್ಟು ಕಿಡಿ ತೋರಿಸುತ್ತಿದ್ದರು. ಆ ಒಂದು ಕಿಡಿಗಾಗಿ ಮಕ್ಕಳಾದ ನಾವು ವರ್ಷವಿಡೀ ಕಾಯುತ್ತಿದ್ದೆವು.

ಕಿಡಿ ಬರಬೇಕಾದರೆ ಕುದುರೆಯ ಬಾಯಿಯಲ್ಲಿ ಕಲ್ಲು ಸರಿಯಾಗಿ ಕೂರಬೇಕು. ಈ ಬಾಯಿಗೆ ಎರಡು ದವಡೆಗಳು. ಕೆಳಗಿನದು ಅಲುಗಾಡದು, ಮೇಲಿನದನ್ನು ಒಂದು ತಿರುಪಿನಿಂದ ಬಿಗಿಯಬಹುದು, ಸಡಿಲಿಸಬಹುದು. ತಿಳಿಯದವನು ಕಲ್ಲನ್ನು ಹಾಗೆಯೇ ನಡುವೆ ಇಟ್ಟು ತಿರುಪು ತಿರುಗಿಸುತ್ತಾನೆ. ಆಗ ಕಲ್ಲು ಜಾರುತ್ತದೆ, ಇಲ್ಲವೆ ಒಡೆಯುತ್ತದೆ. ಕಲ್ಲಿನ ಮೈ ಎಂದೂ ಸಮವಾಗಿರುವುದಿಲ್ಲವಷ್ಟೆ? ಕಬ್ಬಿಣ ಅದನ್ನು ಎರಡು ಮೂರು ಉಬ್ಬುಗಳಲ್ಲಿ ಮಾತ್ರ ಮುಟ್ಟುತ್ತದೆ; ಹೊಡೆತದ ಭಾರವೆಲ್ಲ ಆ ಉಬ್ಬುಗಳ ಮೇಲೆಯೇ ಬೀಳುತ್ತದೆ. ಅದಕ್ಕಾಗಿ ಅಜ್ಜ ಹಳೆಯ ಚಪ್ಪಲಿಯ ತೊಗಲಿನಿಂದ ಒಂದು ಸಣ್ಣ ಪಟ್ಟಿ ಕತ್ತರಿಸಿ, ಅದನ್ನು ಮಡಚಿ, ಕಲ್ಲಿನ ಹಿಂಭಾಗಕ್ಕೆ ಟೊಪ್ಪಿಯಂತೆ ತೊಡಿಸುತ್ತಿದ್ದರು. ಮಡಿಕೆಯ ನಡುವೆ ಒಂದು ಕಚ್ಚು ತೆಗೆಯುತ್ತಿದ್ದರು. ಕಲ್ಲಿನ ಬೆನ್ನು ಆ ಕಚ್ಚಿನ ಮೂಲಕ ತಿರುಪಿಗೆ ಆನಿಸಿ ನಿಂತರೆ ಹೊಡೆತಕ್ಕೆ ಹಿಂದೆ ಸರಿಯುವುದಿಲ್ಲ. ಸೈನ್ಯಗಳಲ್ಲಿ ತೊಗಲಿನ ಬದಲು ಸೀಸದ ತೆಳು ತಗಡನ್ನೂ ಬಳಸುತ್ತಿದ್ದರಂತೆ. ತೊಗಲೋ ಸೀಸವೋ, ನಡುವೆ ಒಂದು ಮೆತ್ತನೆಯ ವಸ್ತು ಬೇಕು.

"ನೋಡು ಮಗಾ, ಕಬ್ಬಿಣ ಕಲ್ಲನ್ನು ಕಚ್ಚಬಾರದು. ಕಬ್ಬಿಣ ತೊಗಲನ್ನು ಕಚ್ಚಬೇಕು, ತೊಗಲು ಕಲ್ಲನ್ನು ಹಿಡಿಯಬೇಕು" ಎನ್ನುತ್ತಿದ್ದರು ಅಜ್ಜ.

ಅಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಕಲ್ಲಿನ ಅಂಚು ಎದುರಿಗಿರುವ ಉಕ್ಕಿನ ಫಲಕಕ್ಕೆ ಉದ್ದಕ್ಕೂ ಸಮವಾಗಿರಬೇಕು. ಒಂದು ಮೂಲೆ ಮುಂದಾದರೆ ಆ ಮೂಲೆ ಮಾತ್ರ ಉಜ್ಜಿ ಮುರಿಯುತ್ತದೆ. ಕುದುರೆಯನ್ನು ಅರ್ಧಕ್ಕೆ ಎತ್ತಿ ಫಲಕ ಮುಚ್ಚಿದಾಗ ಅಂಚಿಗೂ ಉಕ್ಕಿಗೂ ನಡುವೆ ಸಣ್ಣ ಸಂದು ಉಳಿಯಬೇಕು. ಇನ್ನೊಂದು ಮಾತು, ಮೊದಲ ಬಿಗಿತ ಕೊನೆಯ ಬಿಗಿತವಲ್ಲ. ಮೂರು ನಾಲ್ಕು ಹೊಡೆತ ಬೀಳುವಾಗ ತೊಗಲು ಒತ್ತಿ ತೆಳುವಾಗುತ್ತದೆ. ಆಗ ತಿರುಪನ್ನು ಮತ್ತೊಮ್ಮೆ ಬಿಗಿಯಬೇಕು. ಅಂಚು ಮೊಂಡಾದರೆ ಕಲ್ಲನ್ನು ಮಗುಚಿ ಹಾಕಬೇಕು, ಅಥವಾ ಮೆಲ್ಲನೆ ತಟ್ಟಿ ಚಕ್ಕೆ ಎಬ್ಬಿಸಿ ಹೊಸ ಅಂಚು ತೆಗೆಯಬೇಕು. ಇಷ್ಟೆಲ್ಲ ಸರಿಯಾದರೆ ಕಲ್ಲು ಉಕ್ಕಿನ ಮೇಲೆ ಕೆರೆದು ಕಿಡಿ ಉದುರಿ, ಬಟ್ಟಲಿನ ರಂಜಕದ ಮದ್ದಿಗೆ ಬೆಂಕಿ ಹತ್ತಿ, ನಳಿಗೆಯ ಸಣ್ಣ ತೂತಿನಿಂದ ಒಳಕ್ಕೆ ಹೋಗುತ್ತದೆ. ಉದುರುವ ಕಿಡಿ ಕಲ್ಲಿನದಲ್ಲ, ಉಕ್ಕಿನದು. ಕಲ್ಲು ಉಕ್ಕಿನಿಂದ ಧೂಳಿನಷ್ಟು ಸಣ್ಣ ಚೂರುಗಳನ್ನು ಕೆರೆದು ತೆಗೆಯುತ್ತದೆ, ಆ ಚೂರುಗಳೇ ಕಾದು ಗಾಳಿಯಲ್ಲಿ ಉರಿಯುತ್ತವೆ. ಇದನ್ನು ಅಜ್ಜ ಹೇಳಿದ್ದಲ್ಲ, ಕಾಲೇಜಿನಲ್ಲಿ ನಾನು ಕಲಿತದ್ದು.

ಅಜ್ಜ ತೀರಿಕೊಂಡ ಬಳಿಕ ಕೋವಿಗಳೆರಡನ್ನೂ ಸರಕಾರಕ್ಕೆ ಒಪ್ಪಿಸಲಾಯಿತು. ಚಕಮಕಿ ಕಲ್ಲೊಂದು, ಅದು ತೊಟ್ಟ ತೊಗಲಿನ ಸಮೇತ, ನನ್ನ ಪಾಲಿಗೆ ಉಳಿಯಿತು. ತೊಗಲಿನ ಮೇಲೆ ದವಡೆಯ ಗುರುತು ಈಗಲೂ ಇದೆ.

ಇನ್ನು ಅಮ್ಮನ ಕುದುರೆ. ಅಪ್ಪ 1960ರ ಸುಮಾರಿಗೆ ಹುಬ್ಬಳ್ಳಿಯಲ್ಲಿ ಗುಮಾಸ್ತರಾಗಿದ್ದರು. ಹೊಟ್ಟೆನೋವಿನ ಚಿಕಿತ್ಸೆಗೆಂದು ಮಿರಜಿಗೆ ಹೋಗಿದ್ದವರು ಬರುವಾಗ ಒಂದು ತಂಬೂರಿ ತಂದರು. ಉತ್ತರ ಕರ್ನಾಟಕದ ಜನರಿಗೆ ಮಿರಜು ಎಂದರೆ ಎರಡೇ: ಆಸ್ಪತ್ರೆ ಮತ್ತು ತಂಬೂರಿ. ಅಪ್ಪ ಎರಡನ್ನೂ ಒಂದೇ ಪ್ರಯಾಣದಲ್ಲಿ ಮುಗಿಸಿದರು ಎಂದು ಅಮ್ಮ ನಗುತ್ತಿದ್ದರು. ಊರಿಗೆ ಮರಳಿದ ಮೇಲೂ ಐವತ್ತಕ್ಕೂ ಹೆಚ್ಚು ವರ್ಷ ಅಮ್ಮ ಪ್ರತಿ ಸಂಜೆ ದೀಪ ಹಚ್ಚಿ ತಂಬೂರಿ ಮೀಟಿ ದೇವರನಾಮ ಹಾಡುತ್ತಿದ್ದರು. ಅವರು ಹೋದ ಮೇಲೆ ತಂಬೂರಿ ಬಟ್ಟೆ ಹೊದ್ದು ಮೂಲೆ ಸೇರಿತು. ಈಗ ಅಂಗೈಯಗಲದ ಪೆಟ್ಟಿಗೆಯಲ್ಲಿ, ಮೊಬೈಲಿನಲ್ಲಿ ಶ್ರುತಿ ಸಿಗುತ್ತದೆ. ತಂಬೂರಿಯ ಉಸಾಬರಿ ಯಾರಿಗೆ ಬೇಕು? ಆದರೆ ನನ್ನ ಹನ್ನೊಂದು ವರ್ಷದ ಮೊಮ್ಮಗಳು ಸಂಗೀತಕ್ಕೆ ಸೇರಿದವಳು ಒಂದು ದಿನ ಬಟ್ಟೆ ಸರಿಸಿ ತಂತಿ ಮೀಟಿದಳು. ತಗಡು ಬಡಿದಂಥ ಸದ್ದು ಬಂತು. "ಅಜ್ಜ, ಇದಕ್ಕೆ ಜೀವ ಇಲ್ಲ" ಎಂದಳು. ಅವಳಿಗೆ ಗೊತ್ತಿಲ್ಲದೆ ಸರಿಯಾದ ಮಾತನ್ನೇ ಆಡಿದ್ದಳು. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಹೀಗೆ 2024ರ ಕೊನೆಯಲ್ಲಿ ತಂಬೂರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ರೈಲು ಹತ್ತಿದೆ. ಮಿರಜಿನ ತಂಬೂರಿಯವರ ಪೂರ್ವಿಕರು ಆಯುಧದ ಕೆಲಸದವರೆಂದು ಓದಿದ್ದೆನಾದ್ದರಿಂದ, ಅಜ್ಜನ ಕಲ್ಲನ್ನೂ ಕನ್ನಡಕದ ಡಬ್ಬಿಯಲ್ಲಿ ಹಾಕಿ ಕಿಸೆಯಲ್ಲಿ ಇಟ್ಟುಕೊಂಡೆ.

ಸಾಂಗ್ಲಿ ಮತ್ತು ಮಿರಜು ಹತ್ತು ಕಿಲೋಮೀಟರು ಅಂತರದ ಅವಳಿ ಊರುಗಳು. 1998ರಿಂದ ಕುಪವಾಡವೂ ಸೇರಿ ಒಂದೇ ಮಹಾನಗರಪಾಲಿಕೆ. ಎರಡೂ ಹಿಂದೆ ಪಟವರ್ಧನ ಮನೆತನದ ಸಂಸ್ಥಾನಗಳಾಗಿದ್ದವು. ಪೇಶ್ವೆಯ ಕಾಲದಲ್ಲಿ ಈ ಮನೆತನದ ಕೆಲಸವೇ ಯುದ್ಧ. ಪರಶುರಾಮಭಾವು ಪಟವರ್ಧನರ ಸೈನ್ಯ ಟಿಪ್ಪುವಿನ ಕೈಯಲ್ಲಿದ್ದ ಧಾರವಾಡದ ಕೋಟೆಯನ್ನು 1790ರಿಂದ 1791ರವರೆಗೆ ಆರು ತಿಂಗಳಿಗೂ ಮಿಕ್ಕಿ ಮುತ್ತಿತ್ತು. ಮುಂಬಯಿಯ ಇಂಗ್ಲಿಷ್ ತುಕಡಿಯೊಂದೂ ಅವರ ಜೊತೆಗಿತ್ತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡಿತು. ಸಂಸ್ಥಾನಗಳು ಉಳಿದವು, ಯುದ್ಧ ಉಳಿಯಲಿಲ್ಲ. ದಂಡಿಗೆ ಹೋಗದ ಅರಸರ ಮನಸ್ಸು ಕಲೆಯ ಕಡೆಗೆ ಹೊರಳಿತು. 1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಯ ಅರಸ ಚಿಂತಾಮಣರಾವ್ ಅಪ್ಪಾಸಾಹೇಬರ ಮುಂದೆ ಆಟ ಆಡಿತು. ಅದನ್ನು ಮೆಚ್ಚಿದ ಅರಸರು ಮರಾಠಿಯಲ್ಲೂ ಅಂಥದೊಂದು ಬೇಕೆಂದಾಗ ವಿಷ್ಣುದಾಸ ಭಾವೆಯವರು 1843ರಲ್ಲಿ ಸೀತಾಸ್ವಯಂವರವನ್ನು ಆಡಿಸಿದರು. ಮರಾಠಿ ರಂಗಭೂಮಿಯ ಹುಟ್ಟು ಅಲ್ಲಿಂದ ಎನ್ನುತ್ತಾರೆ. ಪಾರ್ತಿಸುಬ್ಬನ ಊರ ಕಡೆಯವರಾದ ನಮಗೆ ಇದು ತಿಳಿದಿರಬೇಕಾದ ಮಾತು.

ಅರಸರ ಕತೆ ಹೀಗಾದರೆ, ಅವರ ಆಯುಧಗಳನ್ನು ನಂಬಿ ಬದುಕಿದವರ ಗತಿ ಏನು? ಮಿರಜಿನಲ್ಲಿ ಶಿಕಲಗಾರರೆಂಬ ಮುಸಲ್ಮಾನ ಕಸುಬಿನವರಿದ್ದರು. ಕತ್ತಿಗೆ ಸಾಣೆ ಹಿಡಿಯುವುದು, ಹೊಳಪು ಕೊಡುವುದು, ಆಯುಧಗಳನ್ನು ಸರಿಪಡಿಸುವುದು ಅವರ ಕೆಲಸ. ಹತ್ತೊಂಬತ್ತನೆಯ ಶತಮಾನದ ನಡುವಿಗೆ ಬರುವಾಗ ಅವರ ಒಲೆ ಆರುವ ಸ್ಥಿತಿ. ಆ ಹೊತ್ತಿಗೆ ಆ ಮನೆತನದ ಫರೀದ್ ಸಾಹೇಬರು ಅರಸರ ಆಶ್ರಯದಲ್ಲಿ ವಾದ್ಯಗಳ ರಿಪೇರಿಗೆ ಕೈ ಹಾಕಿ, ನೋಡಿ ನೋಡಿ ಕಲಿತು, ತಾವೇ ತಂಬೂರಿ ಸಿತಾರುಗಳನ್ನು ಮಾಡತೊಡಗಿದರು. ಅವರ ವಂಶಜರ ಅಡ್ಡಹೆಸರೇ ಇಂದು ಸಿತಾರಮೇಕರ್.

ಅದೇ ದಶಕಗಳಲ್ಲಿ ಕೃಷ್ಣಾ ಸೀಮೆಯ ಆಚೆ, ಮುಧೋಳದ ಹತ್ತಿರದ ಹಲಗಲಿಯಲ್ಲಿ ನಡೆದದ್ದು ಬೇರೆ. ಆಯುಧ ಒಪ್ಪಿಸಿರೆಂಬ ಕಾಯಿದೆಯನ್ನು 1857ರಲ್ಲಿ ಬೇಡರು ಧಿಕ್ಕರಿಸಿದರು. ಊರಿಗೆ ಬೆಂಕಿ ಬಿತ್ತು, ಹಲವರನ್ನು ಗಲ್ಲಿಗೇರಿಸಿದರು. ಅವರ ಮೇಲೆ ಲಾವಣಿ ಉಳಿಯಿತು. ಹಲಗಲಿಯವರದು ಶೌರ್ಯ, ಮಿರಜಿನವರದು ಶರಣಾಗತಿ ಎಂದು ತೂಗಲು ನಾನು ಹೋಗಲಾರೆ. ಆಯುಧ ಹೋದರೂ ಆಯುಧ ಹಿಡಿದ ಕೈಯ ಕಸುಬು ಹೋಗಬೇಕಾಗಿಲ್ಲ ಎಂಬುದನ್ನು ಮಿರಜು ತೋರಿಸಿತು, ಅಷ್ಟೆ.

ಮದ್ದಿನಿಂದ ಸಂಗೀತಕ್ಕೆ ತಿರುಗಿದ ಇನ್ನೊಬ್ಬರೂ ಆ ಊರಲ್ಲಿದ್ದರು. ಕುರುಂದವಾಡದ ಬಾಲಕ ವಿಷ್ಣು ದಿಗಂಬರ ಪಲುಸ್ಕರರ ಕಣ್ಣಿಗೆ ಪಟಾಕಿ ಸಿಡಿದು ದೃಷ್ಟಿ ಕೆಟ್ಟಿತು. ಚಿಕಿತ್ಸೆಗೆ ಮಿರಜಿಗೆ ಬಂದವರು ಅಲ್ಲಿ ಬಾಳಕೃಷ್ಣಬುವಾ ಇಚಲಕರಂಜಿಕರರ ಶಿಷ್ಯರಾಗಿ ಸಂಗೀತ ಕಲಿತರು. ಅವರು 1931ರಲ್ಲಿ ಕಣ್ಣುಮುಚ್ಚಿದ್ದೂ ಮಿರಜಿನಲ್ಲಿಯೇ. ಮೀರಾಸಾಹೇಬರ ದರ್ಗಾದ ಬಳಿ ಮಣ್ಣಾಗಿರುವ ಉಸ್ತಾದ್ ಅಬ್ದುಲ್ ಕರೀಂ ಖಾನರಂತೂ ನಮ್ಮವರೇ ಎನ್ನಬೇಕು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಸವಾಯಿ ಗಂಧರ್ವರ ಶಿಷ್ಯರು. ಖಾನ್‌ಸಾಹೇಬರು 1937ರ ಅಕ್ಟೋಬರಿನಲ್ಲಿ ಮದರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಮೈ ಸರಿಯಿಲ್ಲದೆ ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ಇಳಿದು, ತಂಬೂರಿ ಶ್ರುತಿ ಮಾಡಿಸಿಕೊಂಡು ಪ್ರಾರ್ಥನೆ ಹಾಡಿ ಪ್ರಾಣ ಬಿಟ್ಟರೆಂದು ಹೇಳುತ್ತಾರೆ.

ನಾನು ಹೋದ ಅಂಗಡಿ ಒಂದು ಗಲ್ಲಿಯಲ್ಲಿ. ಒಳಗೆ ಮಾಡಿನಿಂದ ಒಣಗಿದ ದೊಡ್ಡ ದೊಡ್ಡ ಸೋರೆಬುರುಡೆಗಳು ತೂಗುತ್ತಿದ್ದವು. ಅವು ಪಂಢರಪುರದ ಕಡೆಯ ಹೊಲಗಳಿಂದ ಬರುತ್ತವೆ. ತಿನ್ನಲಾಗದ ಕಹಿ ಜಾತಿ. ವೃದ್ಧರೊಬ್ಬರು ನೆಲದ ಮೇಲೆ ಕುಳಿತು ಮೂಳೆಗೆ ಅರ ಹಾಕುತ್ತಿದ್ದರು. ನಾನು ಹರಕು ಹಿಂದಿಯಲ್ಲಿ ತೊಡಗಿದೆ. ಅವರು ತಲೆ ಎತ್ತದೆ, "ಕನ್ನಡದಾಗ ಹೇಳ್ರಿ, ತಿಳೀತದ" ಎಂದರು. ಗಡಿಯ ಊರಿನವನಿಗೆ ಗಡಿಯ ಊರು ಪರಕೀಯವಲ್ಲವೆಂದು ಆಗ ಅನ್ನಿಸಿತು. ಅವರು ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಇನ್ನೊಂದು, ಗಿರಾಕಿಯೊಡನೆ ಮತ್ತೊಂದು ಮಾತು ಆಡಿ ಬದುಕಿದವರು, ನಮ್ಮ ಹಾಗೆಯೇ.

ತಂಬೂರಿಯ ಕುದುರೆಯ ಮೇಲ್ಮೈ ನೋಡುವುದಕ್ಕೆ ಚಪ್ಪಟೆ, ಆದರೆ ಚಪ್ಪಟೆಯಲ್ಲ. ತಂತಿ ಹಾದುಹೋಗುವ ದಿಕ್ಕಿನಲ್ಲಿ ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರಿದೆ. ಮೀಟಿದ ತಂತಿ ಅಲುಗಾಡುವಾಗ ಆ ಇಳಿಜಾರನ್ನು ಸವರುತ್ತ, ಬಿಡುತ್ತ, ಮತ್ತೆ ಸವರುತ್ತ ಇರುತ್ತದೆ. ಅದರಿಂದ ಒಂದೇ ತಂತಿಯೊಳಗಿಂದ ಸ್ವರದ ಮೇಲೆ ಸ್ವರ ಏಳುತ್ತದೆ. ಇದಕ್ಕೆ ಜವಾರಿ ಎಂದು ಹೆಸರು. ಹಳೆಯ ನಿಯಮದ ಪ್ರಕಾರ, ತಂತಿಯನ್ನು ಮೀಟಿದ ಜಾಗ ಯಾವ ಮೇಲ್ಸ್ವರಗಳಿಗೆ ನಿಶ್ಚಲ ಬಿಂದುವೋ ಆ ಸ್ವರಗಳು ಕೇಳಿಸಬಾರದು. ತಂಬೂರಿಯಲ್ಲಿ ಮತ್ತು ವೀಣೆಯಲ್ಲಿ ಅವೂ ಕೇಳಿಸುತ್ತವೆ, ಕುದುರೆಯ ರೂಪವೇ ಅದಕ್ಕೆ ಕಾರಣವೆಂದು ಸಿ.ವಿ. ರಾಮನ್ನರು 1921ರಲ್ಲಿ ಬರೆದರು.

ಆದರೆ ಮೂಳೆ ಎಷ್ಟೇ ಹದವಾಗಿದ್ದರೂ ತಂತಿ ನೇರ ಮೂಳೆಯ ಮೇಲೆ ಕುಳಿತರೆ ದನಿ ಬಿಚ್ಚಿಕೊಳ್ಳದು. ತಂತಿಗೂ ಮೂಳೆಗೂ ನಡುವೆ ಒಂದೆಳೆ ಹತ್ತಿಯ ಅಥವಾ ರೇಷ್ಮೆಯ ನೂಲು ತೂರಿಸಬೇಕು. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಹೋದರೆ, ಒಂದು ಜಾಗದಲ್ಲಿ ತಂತಿ ಥಟ್ಟನೆ ಝೇಂಕರಿಸತೊಡಗುತ್ತದೆ. ಆ ನೂಲಿನ ಹೆಸರು ಜೀವ. ಮೊಮ್ಮಗಳು ಜೀವ ಇಲ್ಲ ಎಂದದ್ದು ಅಕ್ಷರಶಃ ನಿಜವಾಗಿತ್ತು. ಅಮ್ಮನ ನೂಲುಗಳು ಎಂದೋ ಉದುರಿಹೋಗಿದ್ದವು.

ಆಗ ನಾನು ಕಿಸೆಯಿಂದ ಅಜ್ಜನ ಕಲ್ಲನ್ನು ತೆಗೆದು ಅವರ ಕೈಗೆ ಕೊಟ್ಟೆ. ಅವರು ಕಲ್ಲನ್ನು ನೋಡಲಿಲ್ಲ. ತೊಗಲನ್ನು ಬೆರಳಿನಿಂದ ಒತ್ತಿ ನೋಡಿದರು. "ಇದೂ ಜೀವಾನ ಅಲ್ರೀ" ಎಂದರು. ತಮ್ಮ ಹಿರಿಯರು ಕೋವಿ ಕತ್ತಿ ಮಾಡುತ್ತಿದ್ದುದು ಕೇಳಿ ಗೊತ್ತು, ಕಂಡು ಗೊತ್ತಿಲ್ಲ, ಆದರೆ ಅರ ಹಿಡಿಯುವ ಕೈ ಅದೇ ಎಂದರು.

ಬಳಿಕ ಅಮ್ಮನ ಕುದುರೆಯನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಮೂಳೆಯ ಮೇಲೆ ನಾಲ್ಕು ಗೀರುಗಳು. ಐವತ್ತು ವರ್ಷ ತಂತಿ ಉಜ್ಜಿ ಉಜ್ಜಿ ಬಿದ್ದ ಕಾಲುವೆಗಳು. "ದಿನಾ ನುಡಿಸ್ಯಾರ. ಯಾರು?" ಎಂದು ಕೇಳಿದರು. ಅಮ್ಮ ಎಂದೆ. "ಈಗ ಯಾರು ಹಾಡ್ತಾರ?" ಎಂದರು. ಈ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. ಜವಾರಿಯನ್ನು ಸುಮ್ಮನೆ ಮಾಡಲು ಬರುವುದಿಲ್ಲ. ಇಂಥ ಶ್ರುತಿಗೆ, ಇಂಥ ಕಂಠಕ್ಕೆ ಎಂದು ಗೊತ್ತಾಗಬೇಕು. ತೆರೆದ ಜವಾರಿಯೋ, ಮುಚ್ಚಿದ ಜವಾರಿಯೋ ಎಂಬುದೂ ಹಾಡುವವರ ಮೇಲೆ ನಿಂತಿದೆ. ಮೊಮ್ಮಗಳು ಎಂದೆ. "ಹಂಗಾದ್ರ ಈ ಗೀರು ತೆಗೀಬೇಕ್ರಿ. ತೆಗೀದಿದ್ರ ದನಿ ಬಿಡಂಗಿಲ್ಲ" ಎಂದರು. ಹಾಗೇ ಇಡಬೇಕೆಂದರೆ ಇಡಬಹುದು, ಗೋಡೆಗೆ ಚಂದ ಕಾಣುತ್ತದೆ ಎಂದೂ ಸೇರಿಸಿದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಅಂಥ ಗಿರಾಕಿಗಳನ್ನೂ ಅವರು ಕಂಡಿರಬೇಕು.

ಆ ನಾಲ್ಕು ಗೀರುಗಳು ಅಮ್ಮನ ಕೈಬರಹದಂತೆ. ಅಮ್ಮನ ಫೋಟೋ ಇದೆ, ಸೀರೆ ಇದೆ. ಆದರೆ ಅವರು ಪ್ರತಿ ಸಂಜೆ ಮಾಡಿದ ಕೆಲಸದ ಗುರುತು ಅದೊಂದೇ. ಅದನ್ನು ಅರ ಹಾಕಿ ಅಳಿಸಿರೆಂದು ಮಗನಾದವನು ಹೇಗೆ ಹೇಳಲಿ? ಹೊರಗೆ ಬಂದು ಒಂದು ಚಹಾ ಕುಡಿದೆ.

ಆಗ ನೆನಪಾದದ್ದು ಮೊಮ್ಮಗಳ ಸಂಗೀತದ ಪುಸ್ತಕ. ಅವಳು ಕಣ್ಣೂರಿನಲ್ಲಿ ಇಂಗ್ಲಿಷ್ ಶಾಲೆಗೆ ಹೋಗುವವಳು. ಓರಗೆಯವರೊಡನೆ ಮಲಯಾಳ, ನಮ್ಮೊಡನೆ ಕನ್ನಡ. ಸಂಗೀತದ ಟೀಚರು ಮಲಯಾಳದವರು, ಅವಳನ್ನು ಮಗಳಂತೆ ನೋಡಿಕೊಳ್ಳುವವರು. ಕನ್ನಡ ಓದಲು ಅವಳಿಗೆ ತಡವರಿಕೆ. ಹಾಗಾಗಿ ಪುಸ್ತಕದಲ್ಲಿ ಪುರಂದರದಾಸರ ಪದಗಳೆಲ್ಲ ಮಲಯಾಳ ಲಿಪಿಯಲ್ಲಿವೆ. ಮೊದಲು ಅದನ್ನು ಕಂಡಾಗ ನನ್ನ ಎದೆಯಲ್ಲಿ ಏನೋ ಚುಚ್ಚಿತ್ತು. 1956ರ ನವೆಂಬರದಿಂದ ನಮ್ಮ ಹಿರಿಯರು ಹಲ್ಲು ಕಚ್ಚಿ ಹಿಡಿದುಕೊಂಡು ಬಂದದ್ದು ಇದಕ್ಕಾಗಿಯೇ ಎಂದು ಕೇಳುವಂತಾಗಿತ್ತು. ಆದರೆ ಅವಳು ಹಾಡಿದಾಗ ಕೇಳಿದ್ದು ಕನ್ನಡವೇ. ಅದೂ ಒಂದು ಒತ್ತಕ್ಷರ ತಪ್ಪದ ಕನ್ನಡ.

ಹಲ್ಲು ಕಚ್ಚಿ ಹಿಡಿಯುವುದು ಬೇಡವೆಂದು ನಾನು ಹೇಳುತ್ತಿಲ್ಲ. ಸಡಿಲ ಬಿಟ್ಟ ಕಲ್ಲು ಕಿಡಿ ಕೊಡುವುದಿಲ್ಲ. ನಮ್ಮ ಕನ್ನಡ ಶಾಲೆಗಳು, ನಮ್ಮ ಹಕ್ಕುಗಳು, ಅವು ಕುದುರೆಯ ದವಡೆಗಳು. ಅವು ಬಿಗಿಯಾಗಿಯೇ ಇರಬೇಕು. ಆದರೆ ಮಕ್ಕಳ ನಾಲಿಗೆಯನ್ನು ನೇರ ಕಬ್ಬಿ​ಣದಿಂದ ಹಿಡಿದರೆ ಅದು ಜಾರುತ್ತದೆ, ಇಲ್ಲವೆ ಒಡೆಯುತ್ತದೆ. ನಡುವೆ ಒಂದು ಮೆತ್ತನೆಯದು ಬೇಕು. ಆ ಮಲಯಾಳ ಲಿಪಿ ಕನ್ನಡವನ್ನು ಅವಳ ಬಾಯಿಂದ ಕಿತ್ತುಕೊಳ್ಳಲಿಲ್ಲ, ಅವಳ ಬಾಯಿಯಲ್ಲಿ ಕೂರಿಸಿತು. ಅದು ತೊಗಲು, ಅದು ನೂಲು. ತೊಗಲು ಒತ್ತಿದ ಮೇಲೆ ತಿರುಪನ್ನು ಮತ್ತೆ ಬಿಗಿಯುವ ಕೆಲಸವಿದೆ. ಕನ್ನಡ ಅಕ್ಷರ ಕಲಿಸುವ ಕೆಲಸ ಅದೇ. ಅದು ಅಜ್ಜಂದಿರದು.

ಚಹಾ ಮುಗಿಸಿ ಒಳಗೆ ಹೋಗಿ, ಗೀರು ತೆಗೆಯಿರಿ ಎಂದೆ.

ಸುಮಾರು ಎರಡು ಗಂಟೆ ಬೇಕಾಯಿತು. ಅರ, ಆಮೇಲೆ ಗಾಜುಕಾಗದ, ಆಮೇಲೆ ಮತ್ತೆ ಅರ. ನಾಲ್ಕು ಎಳೆತಕ್ಕೆ ಒಮ್ಮೆ ತಂತಿ ಏರಿಸಿ ಕಿವಿಗೊಟ್ಟು, ಮತ್ತೆ ಇಳಿಸಿ ಉಜ್ಜುವುದು. ಕಣ್ಣಿನಿಂದ ಆಗುವ ಕೆಲಸ ಅದಲ್ಲ. ಬಿಳಿ ಪುಡಿ ಅವರ ಮೊಣಕಾಲ ಮೇಲೆ ಉದುರುತ್ತಿತ್ತು. ಕೊನೆಗೆ ಮೊಮ್ಮಗಳ ಐದೂವರೆ ಮನೆಯ ಶ್ರುತಿಗೆ ತಂತಿ ಏರಿಸಿ, ನೂಲು ತೂರಿಸಿ, ಮೆಲ್ಲನೆ ಸರಿಸಿದರು. ಸರಿಸುತ್ತಿದ್ದಂತೆ ಅಂಗಡಿ ತುಂಬಿತು. ಮಾಡಿನಿಂದ ತೂಗುತ್ತಿದ್ದ ಖಾಲಿ ಬುರುಡೆಗಳೂ ಗುಂಯ್ ಎಂದವೋ ಎನಿಸಿತು.

ಆ ವರ್ಷವೇ ಮಿರಜಿನ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿತ್ತು. ಅದರ ಬಗ್ಗೆ ಕೇಳಿದ್ದಕ್ಕೆ ಅವರು ಒಳ್ಳೇದಾತು ಎಂದಷ್ಟೇ ಹೇಳಿ, ನನ್ನ ಬೆರಳನ್ನು ಹಿಡಿದು ನೂಲು ಸರಿಸುವುದನ್ನು ಮೂರು ಸಲ ಮಾಡಿಸಿದರು. ಹುಡುಗಿಯ ದನಿ ಇನ್ನೆರಡು ವರ್ಷದಲ್ಲಿ ಬಲಿಯುತ್ತದೆ, ಶ್ರುತಿ ಬದಲಾಗಬಹುದು, ಆಗ ಮತ್ತೆ ಬನ್ನಿ ಎಂದರು. ಒಂದು ಉಂಡೆ ಹತ್ತಿನೂಲನ್ನು ಕಾಗದದಲ್ಲಿ ಕಟ್ಟಿ ಕೊಟ್ಟು, ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಈಗ ರಜೆಗೆ ಬಂದಾಗಲೆಲ್ಲ ಮೊಮ್ಮಗಳೇ ನೂಲು ಸರಿಸುತ್ತಾಳೆ. ನನ್ನ ಕೈಗಿಂತ ಅವಳ ಕೈ ಚುರುಕು. ಹಾಡಿದ ಮೇಲೆ ಅರ್ಧ ಗಂಟೆ ಕನ್ನಡ ಅಕ್ಷರ. ಒಂದು ಪದವನ್ನು ಮಲಯಾಳ ಲಿಪಿಯಿಂದ ಕನ್ನಡ ಲಿಪಿಗೆ ಅವಳೇ ಇಳಿಸಿ ಬರೆಯುತ್ತಾಳೆ. ಇದುವರೆಗೆ ಹದಿನಾಲ್ಕು ಪದಗಳಾಗಿವೆ. ತಂಬೂರಿಯ ಕುದುರೆ ಮಾತ್ರ ಇನ್ನೂ ನುಣ್ಣಗೆ ಬೆಳ್ಳಗಿದೆ, ಒಂದು ಗೀರೂ ಮೂಡಿಲ್ಲ. ಅದು ಮೂಡಬೇಕಾದರೆ ದಿನವೂ ನುಡಿಸಬೇಕು.